ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ: ಮೆಷಿನ್ ಊದುವುದರಿಂದ ಡಿಎಲ್ ವಾಪಸ್ ಬರುವವರೆಗೆ

"ಸಿಕ್ಕಿಬಿದ್ರೆ ಏನಾಗುತ್ತೆ, ಹತ್ತು ಸಾವಿರ ತಾನೆ, ಕಟ್ಟಿದ್ರಾಯ್ತು." ಬಾರ್ ಪಾರ್ಕಿಂಗ್‌ನಲ್ಲಿ, ಬೀಗರೂಟದ ಮನೆ ಮುಂದೆ ಈ ಮಾತು ಈಗಲೂ ಕೇಳಿಬರುತ್ತದೆ. ಹೇಳುವವರು ಧೈರ್ಯವಾಗಿ ಹೇಳುತ್ತಾರೆ, ಕೇಳುವವರು ನಂಬಿ ಕೀ ತಿರುಗಿಸುತ್ತಾರೆ. ಆದರೆ ಹತ್ತು ಸಾವಿರ ಈ ಲೆಕ್ಕದಲ್ಲಿ ತೀರಾ ಸಣ್ಣ ಬಾಬತ್ತು. ಕೋರ್ಟು, ಡಿಎಲ್, ಇನ್ಶೂರೆನ್ಸ್, ಅಪಘಾತವಾದರೆ ಜೈಲು, ಇವೆಲ್ಲ ಅದರ ಹಿಂದೆಯೇ ಸಾಲಾಗಿ ನಿಂತಿರುತ್ತವೆ. ಯಾವುದು ಯಾವಾಗ ಬರುತ್ತದೆ, ಆಗ ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದೊಂದಾಗಿ ನೋಡೋಣ.

ಮೊದಲು: ಕಾನೂನಿನ ಗೆರೆ ಎಲ್ಲಿದೆ?

1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಇದರ ಮೂಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ನೀವು ತೂರಾಡುತ್ತಿದ್ದೀರಾ, ನೆಟ್ಟಗೆ ನಿಂತು ಮಾತಾಡುತ್ತಿದ್ದೀರಾ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. "ನಂಗೆ ಏರೋದೇ ಇಲ್ಲ ಸಾರ್" ಅಂದರೆ ಮೆಷಿನ್ ಕೇಳುವುದಿಲ್ಲ. ಗಾಂಜಾದಂಥ ಮಾದಕ ವಸ್ತು ಸೇವಿಸಿ, ಗಾಡಿ ಮೇಲೆ ಹಿಡಿತ ಇಲ್ಲದಷ್ಟು ಅಮಲಿನಲ್ಲಿದ್ದರೂ ಇದೇ ಸೆಕ್ಷನ್.

ಇನ್ನೊಂದು ಮಾತು ತುಂಬಾ ಜನರಿಗೆ ಗೊತ್ತಿಲ್ಲ. ಓಡಿಸುವುದಷ್ಟೇ ಅಲ್ಲ, ಓಡಿಸಲು ಹೊರಡುವುದೂ ಅಪರಾಧವೇ. ಸ್ಕೂಟರ್, ಆಟೊ, ಟ್ರ್ಯಾಕ್ಟರ್, ಲಾರಿ, ಎಲ್ಲಕ್ಕೂ ಒಂದೇ ಮಿತಿ. "ಇಲ್ಲೇ ಪಕ್ಕದ ಬೀದಿ" ಅನ್ನುವುದಕ್ಕೂ ರಿಯಾಯಿತಿ ಇಲ್ಲ.

30 ಮಿಲಿಗ್ರಾಂ ಅಂದರೆ ಎಷ್ಟು ಕುಡಿದ ಹಾಗೆ? ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಜನ ಎಡವುವುದು ಇಲ್ಲೇ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್ಮಿನ ಬಾಟಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಬರೆದಿರುತ್ತದೆ. 70 ಕೆಜಿ ತೂಕದ ಗಂಡಸೊಬ್ಬರನ್ನು ತೆಗೆದುಕೊಳ್ಳಿ. ಅವರು 60 ಮಿಲಿ ಹಾಕಿದರೆ ಲೆಕ್ಕದ ಪ್ರಕಾರ ರಕ್ತದಲ್ಲಿ ಸುಮಾರು 40 ಮಿಲಿಗ್ರಾಂ. ಅಂದರೆ ಎರಡು ಸಣ್ಣ ಪೆಗ್ಗಿಗೇ ಗೆರೆ ದಾಟಿತು. ಒಂದು ನೈಂಟಿಗೆ 60ರ ಮೇಲೆ. 650 ಮಿಲಿಯ ಒಂದು ಮಾಮೂಲಿ ಬಿಯರ್ ಬಾಟಲಿಗೆ 50ರ ಮೇಲೆ, ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಜಾಸ್ತಿ. ಒಂದು ಕ್ವಾರ್ಟರ್‌ಗೆ, ಅಂದರೆ 180 ಮಿಲಿಗೆ, 125ರ ಆಸುಪಾಸು. ತೂಕ ಕಡಿಮೆ ಇದ್ದವರಿಗೆ, ಹೆಣ್ಣುಮಕ್ಕಳಿಗೆ ಅಷ್ಟೇ ಕುಡಿತಕ್ಕೆ ಇದಕ್ಕಿಂತ ಮೇಲೆ ಹೋಗುತ್ತದೆ. ಇವು ಅಂದಾಜು ಅಷ್ಟೇ. "ಹಾಗಾದರೆ ಒಂದು ಪೆಗ್ ನಡೆಯುತ್ತೆ" ಅಂತ ಲೆಕ್ಕ ಹಾಕಿಕೊಂಡು ಹೋಗಲು ಇದನ್ನು ಬಳಸಬೇಡಿ. ಮನುಷ್ಯರಿಂದ ಮನುಷ್ಯರಿಗೆ, ಊಟ ಮಾಡಿದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ ಬದಲಾಗುತ್ತದೆ.

ಇಳಿಯುವುದು ಮಾತ್ರ ಬಲು ನಿಧಾನ. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂ ಕರಗಿಸುತ್ತದೆ. ರಾತ್ರಿ 9ಕ್ಕೆ ಶುರು ಮಾಡಿ ಒಂದು ಕ್ವಾರ್ಟರ್ ಮುಗಿಸಿದವರು 30ರ ಕೆಳಗೆ ಬರುವಷ್ಟರಲ್ಲಿ ಬೆಳಗಿನ ಜಾವ ಮೂರೂವರೆ. ಒಂದು ಹಾಫ್, ಅಂದರೆ 375 ಮಿಲಿ ಹಾಕಿದವರ ಲೆಕ್ಕ ಮರುದಿನ ಮಧ್ಯಾಹ್ನ ಹನ್ನೆರಡೂವರೆ ದಾಟುತ್ತದೆ! ರಾತ್ರಿ ಮಲಗಿ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಮಕ್ಕಳನ್ನು ಸ್ಕೂಲಿಗೆ ಬಿಡಲು ಹೊರಟವರು ಕಾನೂನಿನ ಕಣ್ಣಿನಲ್ಲಿ ಇನ್ನೂ ಕುಡಿದವರೇ. ಬೆಂಗಳೂರು ಸಂಚಾರ ಪೊಲೀಸರು ಬೆಳಿಗ್ಗೆ ಹೊತ್ತು ಶಾಲಾ ವಾಹನಗಳ ಚಾಲಕರಿಗೆ ಊದಿಸುವುದು ಇದಕ್ಕೇ. ಸ್ಟ್ರಾಂಗ್ ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ. ಏಲಕ್ಕಿ, ಪಾನ್, ಮಿಂಟ್ ಬಾಯಿಯ ವಾಸನೆ ಮುಚ್ಚಬಹುದು, ಶ್ವಾಸಕೋಶದಿಂದ ಬರುವ ಗಾಳಿಯನ್ನಲ್ಲ.

ಹಂತ 1: ಪೊಲೀಸರು ಕೈ ಅಡ್ಡ ಹಾಕಿದಾಗ

ಗಾಡಿ ನಿಲ್ಲಿಸಿ. ಬ್ಯಾರಿಕೇಡ್ ನೋಡಿ ತಟ್ಟನೆ ತಿರುಗಿಸಿಕೊಂಡು ಒನ್‌ವೇಯಲ್ಲಿ ನುಗ್ಗುವವರು ಒಂದು ಕೇಸನ್ನು ಮೂರು ಮಾಡಿಕೊಳ್ಳುತ್ತಾರೆ. ಹಾಗೆ ನುಗ್ಗಿದವರು ಯಾರಿಗಾದರೂ ಗುದ್ದಿದರೆ ಆ ಕಥೆಯೇ ಬೇರೆ.

ಸೆಕ್ಷನ್ 203ರ ಪ್ರಕಾರ, ಅನುಮಾನಕ್ಕೆ ಕಾರಣ ಇದ್ದರೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ನಿಮ್ಮನ್ನು ಊದಲು ಹೇಳಬಹುದು. ಮೆಷಿನ್ ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ಅದಕ್ಕೊಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸುತ್ತಾರೆ. ಹೊಸ ಕೊಳವೆಯನ್ನು ನಿಮ್ಮ ಮುಂದೆಯೇ ಪ್ಯಾಕೆಟ್ ಒಡೆದು ಹಾಕಲು ಕೇಳಿ. ಊದುವ ಮುಂಚೆ ಸ್ಕ್ರೀನ್ ಮೇಲೆ ಸೊನ್ನೆ ಇದೆಯಾ ನೋಡಿ. ಇವೆರಡನ್ನೂ ಮರ್ಯಾದೆಯಿಂದ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ಆಮೇಲೆ ಒಂದೇ ಉಸಿರಿನಲ್ಲಿ, ಬೀಪ್ ಸದ್ದು ನಿಲ್ಲುವವರೆಗೆ ಊದಬೇಕು. ಬರುವ ಅಂಕಿಯನ್ನು ನೀವೇ ಓದಿಕೊಳ್ಳಿ. ಸಮಯ, ಅಂಕಿ ಇರುವ ಪ್ರಿಂಟ್ ತೆಗೆದರೆ ಸಹಿ ಹಾಕುವ ಮುಂಚೆ ಹೆಸರು, ಗಾಡಿ ನಂಬರ್ ಸರಿ ಇದೆಯಾ ನೋಡಿ.

ಕುಡಿದೇ ಇಲ್ಲದವರಿಗೂ ಒಮ್ಮೊಮ್ಮೆ ಅಂಕಿ ಬರುವುದುಂಟು. ಆಗಷ್ಟೇ ಮೌತ್‌ವಾಶ್ ಮುಕ್ಕಳಿಸಿದ್ದರೆ, ದಶಮೂಲಾರಿಷ್ಟದಂಥ ಅರಿಷ್ಟ ಕುಡಿದಿದ್ದರೆ, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ತೆಗೆದುಕೊಂಡಿದ್ದರೆ ಬಾಯಿಯಲ್ಲಿ ಉಳಿದ ಆಲ್ಕೋಹಾಲ್ ಮೆಷಿನ್‌ಗೆ ಸಿಗುತ್ತದೆ. ಅದು ಸಾಮಾನ್ಯವಾಗಿ 15 ನಿಮಿಷದಲ್ಲಿ ಹೋಗಿಬಿಡುತ್ತದೆ. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಊದಿಸಿ ಅಂತ ಕೇಳಿ. ಔಷಧಿ ಚೀಟಿ ಇದ್ದರೆ ತೋರಿಸಿ. ಆದರೂ ಒಪ್ಪದಿದ್ದರೆ ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ. ಕುಡಿಯದಿದ್ದವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಊದುವುದಿಲ್ಲ ಅಂತ ಹಟ ಹಿಡಿದರೆ? ಲಾಭ ಇಲ್ಲ. ನಿರಾಕರಿಸಿದವರ ಮೇಲೆ ಅನುಮಾನಕ್ಕೆ ಕಾರಣ ಇದ್ದರೆ ವಾರಂಟ್ ಇಲ್ಲದೆ ಬಂಧಿಸಲು ಅದೇ ಸೆಕ್ಷನ್ ಅಧಿಕಾರ ಕೊಡುತ್ತದೆ. ಸರಿಯಾದ ಕಾರಣ ಹೇಳದಿದ್ದರೆ ಸೆಕ್ಷನ್ 205ರ ಪ್ರಕಾರ ಆ ನಿರಾಕರಣೆಯೇ ಕೋರ್ಟಿನಲ್ಲಿ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ.

ಇಲ್ಲಿ ಯಾರೋ ಬಂದು "ಇಲ್ಲೇ ಮುಗಿಸಿಕೊಂಡುಬಿಡಿ" ಅನ್ನಬಹುದು, ಅಥವಾ ನಿಮಗೇ ಅನ್ನಿಸಬಹುದು. ಬೇಡ. ಹೆಲ್ಮೆಟ್, ಸಿಗ್ನಲ್ ಜಂಪಿನ ಹಾಗೆ ಡ್ರಂಕ್ ಅಂಡ್ ಡ್ರೈವ್‌ಗೆ ರಸ್ತೆಯಲ್ಲಿ ದಂಡ ಕಟ್ಟಿಸಿಕೊಂಡು ಬಿಡುವ ಅವಕಾಶವೇ ಕಾನೂನಿನಲ್ಲಿಲ್ಲ. ಇದು ಕೋರ್ಟಿಗೆ ಹೋಗಲೇಬೇಕಾದ ಕೇಸು. ಹಾಗಾಗಿ ರಸ್ತೆಯಲ್ಲಿ ಕೊಡುವ ದುಡ್ಡಿಗೆ ಲಂಚ ಅಂತಲೇ ಹೆಸರು. ಲಂಚ ಕೊಡುವವರಿಗೂ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ.

ಹಂತ 2: ಅದೇ ರಾತ್ರಿ, ಗಾಡಿ ಮತ್ತು ಡಿಎಲ್

ಅಂಕಿ ಮಿತಿ ಮೀರಿದರೆ ಮುಂದಿನ ಕೆಲಸ ಗಾಡಿಯದು. ಪೊಲೀಸರು ಅದನ್ನು ಸ್ಟೇಷನ್‌ಗೆ ಒಯ್ಯುತ್ತಾರೆ. ಜೊತೆಗೆ ಕುಡಿಯದ, ಡಿಎಲ್ ಇರುವ ಯಾರಾದರೂ ಇದ್ದರೆ ಗಾಡಿ ಅವರ ಕೈಗೆ ಕೊಡಿ ಅಂತ ಕೇಳಬಹುದು. ಅಂಥವರಿದ್ದರೆ ಗಾಡಿ ಅವರಿಗೇ ಕೊಡಬೇಕು ಅಂತ ತೆಲಂಗಾಣ ಹೈಕೋರ್ಟ್ 2021ರಲ್ಲಿ ಹೇಳಿದೆ. ಆ ತೀರ್ಪು ನಮ್ಮ ಪೊಲೀಸರನ್ನು ಕಟ್ಟಿಹಾಕುವುದಿಲ್ಲ, ಕೇಳುವುದರಲ್ಲಿ ತಪ್ಪೂ ಇಲ್ಲ. ಗಾಡಿ ಬಿಡುವುದಾದರೆ ಒಳಗಿನ ಲ್ಯಾಪ್‌ಟಾಪ್, ದುಡ್ಡು, ಕಾಗದಪತ್ರ ಎಲ್ಲ ತೆಗೆದುಕೊಳ್ಳಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಕಿಲೋಮೀಟರ್ ಮೀಟರಿನದೂ ಒಂದು. ರಸೀದಿ ಇಲ್ಲದೆ ಕೀ ಕೊಟ್ಟು ಬರಬೇಡಿ.

ಡಿಎಲ್ ಕಿತ್ತುಕೊಂಡರೆ ಅದಕ್ಕೂ ಒಂದು ಚೀಟಿ ಕೊಡಬೇಕು. ಈ ಚೀಟಿಯ ವಿಷಯದಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಬೇರೆ ಕೇಸುಗಳಲ್ಲಿ ಆ ಚೀಟಿ ಇಟ್ಟುಕೊಂಡು ಗಾಡಿ ಓಡಿಸಬಹುದು ಅನ್ನುವುದು ಜನರ ರೂಢಿ. ಡ್ರಂಕ್ ಅಂಡ್ ಡ್ರೈವ್‌ನಲ್ಲಿ ಹಾಗಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 206(4) ಸ್ಪಷ್ಟವಾಗಿ ಹೇಳುತ್ತದೆ: ಡಿಎಲ್ ವಾಪಸ್ ಬರುವವರೆಗೆ ಆ ಚೀಟಿಯ ಬಲದ ಮೇಲೆ ಓಡಿಸುವ ಹಾಗಿಲ್ಲ. ಅಂದರೆ ಮರುದಿನ ಬೆಳಿಗ್ಗೆಯಿಂದಲೇ ಬಸ್ಸು, ಆಟೊ.

ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಮಾಡಿಸದಿದ್ದರೆ ಬಿಡುಗಡೆ ಮಾಡಬೇಕು ಅಂತ ಸೆಕ್ಷನ್ 202 ಹೇಳುತ್ತದೆ. ಸ್ಟೇಷನ್‌ನಲ್ಲಿ ಇನ್ನೊಮ್ಮೆ ಊದಲು ನಿಮಗೆ ಅವಕಾಶ ಇದೆ. ಹೆಣ್ಣುಮಕ್ಕಳ ರಕ್ತದ ಮಾದರಿಯನ್ನು ಪುರುಷ ವೈದ್ಯರು ತೆಗೆಯುವುದಾದರೆ ಇನ್ನೊಬ್ಬ ಹೆಣ್ಣುಮಗಳು ಅಲ್ಲಿರಲೇಬೇಕು. ಇದು ಜಾಮೀನು ಸಿಗುವ ಅಪರಾಧ, ಆದ್ದರಿಂದ ಬರೀ ಡ್ರಂಕ್ ಅಂಡ್ ಡ್ರೈವ್ ಆಗಿದ್ದರೆ ರಾತ್ರಿಯಿಡೀ ಲಾಕಪ್‌ನಲ್ಲಿ ಇರಬೇಕಾದ ಭಯ ಬೇಡ.

ಹಂತ 3: ಕೋರ್ಟು

ಕೈಗೆ ಕೊಟ್ಟ ನೋಟಿಸ್‌ನಲ್ಲಿ ಅಥವಾ ಆಮೇಲೆ ಬರುವ ಸಮನ್ಸ್‌ನಲ್ಲಿ ಯಾವ ಕೋರ್ಟು, ಯಾವ ತಾರೀಖು ಅಂತ ಇರುತ್ತದೆ. ಬೆಂಗಳೂರಿನಲ್ಲಿ ಸಂಚಾರ ಕೇಸುಗಳಿಗೆ ಅಂತಲೇ ಮ್ಯಾಜಿಸ್ಟ್ರೇಟ್ ಕೋರ್ಟುಗಳಿವೆ. ಬೇರೆ ಊರುಗಳಲ್ಲಿ ಜೆಎಂಎಫ್‌ಸಿ, ಅಂದರೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟು. ಆಧಾರ್, ಆರ್‌ಸಿ, ಇನ್ಶೂರೆನ್ಸ್ ಪ್ರತಿ, ಪೊಲೀಸರು ಕೊಟ್ಟ ರಸೀದಿಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ತಾರೀಖು ತಪ್ಪಿಸಬೇಡಿ. ಕರೆದಾಗ ಹಾಜರಾಗದಿದ್ದರೆ ಮುಂದೆ ಬರುವುದು ವಾರಂಟ್.

ಶಿಕ್ಷೆ ಇಷ್ಟು. ಮೊದಲ ಸಲ ಆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಅಥವಾ ಆಮೇಲೆ ಆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ರಿಂದ ಈ ಮೊತ್ತ ಜಾರಿಯಲ್ಲಿದೆ. ಅದಕ್ಕೂ ಮುಂಚೆ ಮೊದಲ ಸಲಕ್ಕೆ "2,000ದವರೆಗೆ" ಅಂತ ಇತ್ತು, ಹಾಗಾಗಿ ಕಡಿಮೆ ಮಾಡಿ ಅಂತ ನ್ಯಾಯಾಧೀಶರನ್ನು ಬೇಡಿಕೊಳ್ಳಬಹುದಿತ್ತು. ಈಗ "ವರೆಗೆ" ಅನ್ನುವ ಮಾತು ದಂಡಕ್ಕೆ ಇಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಕೆಲವು ಸಂಚಾರ ದಂಡಗಳನ್ನು ಇಳಿಸಿತು. ಅದನ್ನು ನೆನಪಿಟ್ಟುಕೊಂಡು "ನಮ್ಮಲ್ಲಿ ಕಮ್ಮಿ ಮಾಡಿದ್ದಾರಲ್ಲ" ಅಂತ ಕೋರ್ಟಿಗೆ ಹೋಗುವವರಿದ್ದಾರೆ. ಡ್ರಂಕ್ ಅಂಡ್ ಡ್ರೈವ್ ಆ ಪಟ್ಟಿಯಲ್ಲಿ ಇರಲಿಲ್ಲ.

ಕೋರ್ಟಿನಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ತಪ್ಪು ಒಪ್ಪಿಕೊಳ್ಳುತ್ತೀರಾ? ಹೆಚ್ಚಿನವರು ಹೌದು ಅಂದು, ದಂಡ ಕಟ್ಟಿ, ರಸೀದಿ ತೋರಿಸಿ ಗಾಡಿ ಬಿಡಿಸಿಕೊಂಡು ಬರುತ್ತಾರೆ. ನಿಜವಾಗಿ ಕುಡಿದಿದ್ದರೆ ಅದೇ ನೇರ ದಾರಿ. ಆದರೆ ಒಪ್ಪಿಕೊಳ್ಳುವುದು ಅಂದರೆ ಏನು ಅಂತ ತಿಳಿದುಕೊಂಡು ಒಪ್ಪಿಕೊಳ್ಳಿ. ಅದು ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದ ದಾಖಲೆ. ಮುಂದಿನ ಸಲ ಸಿಕ್ಕಿಬಿದ್ದರೆ ನಿಮ್ಮದು ಎರಡನೇ ಅಪರಾಧ. ನೌಕರಿ ಅರ್ಜಿಯಲ್ಲಿ "ಯಾವುದಾದರೂ ಕೇಸಿನಲ್ಲಿ ಶಿಕ್ಷೆಯಾಗಿದೆಯೇ" ಅಂತ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಕುಡಿದೇ ಇರಲಿಲ್ಲ ಅಥವಾ ಪರೀಕ್ಷೆಯಲ್ಲೇ ಎಡವಟ್ಟಾಗಿದೆ ಅನ್ನುವವರು ಬೇಗ ಮುಗಿಯಲಿ ಅಂತ ತಲೆಯಾಡಿಸಬೇಡಿ. ಒಪ್ಪುವುದಿಲ್ಲ ಅಂತ ಹೇಳಿ, ವಕೀಲರನ್ನು ಕೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರಿಗೆ ಉಚಿತ ಕಾನೂನು ನೆರವು ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಅದು ಸಿಗುತ್ತದೆ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೋರ್ಟ್ ಬಾಗಿಲಲ್ಲಿ "ನಾನು ಮುಗಿಸಿಕೊಡ್ತೀನಿ ಬನ್ನಿ" ಅನ್ನುವ ದಲ್ಲಾಳಿಗಳ ಕೈಗೆ ಒಂದು ರೂಪಾಯಿಯೂ ಕೊಡಬೇಡಿ.

ಹಂತ 4: ನಿಜವಾದ ಪೆಟ್ಟು, ಡಿಎಲ್ ಅಮಾನತು

ದಂಡ ಕಟ್ಟಿ ಗಾಡಿ ಮನೆಗೆ ತಂದವರು ಎಲ್ಲ ಮುಗೀತು ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಶಿಕ್ಷೆ ಶುರುವಾಗುವುದೇ ಇಲ್ಲಿಂದ. ಕ್ಯಾಬ್, ಆಟೊ, ಲಾರಿ, ಡೆಲಿವರಿ ನಂಬಿ ಮನೆ ನಡೆಸುವವರಿಗಂತೂ ಹತ್ತು ಸಾವಿರಕ್ಕಿಂತ ಇದೇ ದೊಡ್ಡದು.

ಡಿಎಲ್‌ಗೆ ಎರಡು ಕಡೆಯಿಂದ ಕತ್ತರಿ ಬೀಳಬಹುದು. ಒಂದು ಕೋರ್ಟಿನಿಂದ. 185ರಲ್ಲಿ ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಗಾಡಿ ಓಡಿಸದಂತೆ ಅನರ್ಹಗೊಳಿಸಬೇಕು ಅಂತ ಸೆಕ್ಷನ್ 20 ಹೇಳುತ್ತದೆ. ಇನ್ನೊಂದು ಆರ್‌ಟಿಒ ಕಡೆಯಿಂದ. ಪೊಲೀಸರು ಕಳಿಸಿದ ಡಿಎಲ್ ಮೇಲೆ ಆರ್‌ಟಿಒ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಎರಡನೇ ಸಲವಾದರೆ ಡಿಎಲ್ಲನ್ನೇ ರದ್ದು ಮಾಡಬಹುದು. ಕುಡಿದು ಓಡಿಸಿದವರ ಡಿಎಲ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೂ ಸೂಚಿಸಿತ್ತು.

ಆರ್‌ಟಿಒ ನೋಟಿಸ್ ಬಂದರೆ ಸುಮ್ನೆ ಇರಬೇಡಿ. ಆದೇಶ ಹೊರಡಿಸುವ ಮುಂಚೆ ನಿಮ್ಮ ಮಾತು ಕೇಳಲೇಬೇಕು ಅಂತ ಕಾನೂನಿದೆ. ಹೇಳಿದ ದಿನ ಹೋಗಿ, ಹೇಳುವುದನ್ನು ಬರೆದು ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆದೇಶ ಸರಿಯಿಲ್ಲ ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಮಾನತು ಮುಗಿದ ಮೇಲೂ ಡಿಎಲ್ ತಾನಾಗೇ ಮನೆಗೆ ಬರುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿ ಮುಗಿಸಬೇಕು ಅಂತ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಎಲ್ಲಿ, ಯಾವಾಗ ಅಂತ ನಿಮ್ಮ ಆರ್‌ಟಿಒದಲ್ಲೇ ಕೇಳಿ.

ಅಮಾನತಿನ ಅವಧಿಯಲ್ಲಿ "ಯಾರು ನೋಡ್ತಾರೆ" ಅಂತ ಗಾಡಿ ತೆಗೆದರೆ ಮತ್ತೊಂದು ಅಪರಾಧ: ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಇಲ್ಲವೇ ಎರಡೂ. ಕಾರ್ಡು ಜೇಬಿನಲ್ಲೇ ಉಳಿದಿದ್ದರೂ ಪ್ರಯೋಜನ ಇಲ್ಲ. ಅನರ್ಹಗೊಂಡ ಡಿಎಲ್‌ಗಳ ವಿವರ ಆನ್‌ಲೈನ್ ದಾಖಲೆಯಲ್ಲಿ ಇರುತ್ತದೆ.

ಅಪಘಾತವಾಗಿದ್ದರೆ

ಇಲ್ಲಿಯವರೆಗೆ ಹೇಳಿದ್ದು ಯಾರಿಗೂ ಏನೂ ಆಗದಿದ್ದಾಗ. ಯಾರಿಗಾದರೂ ಪೆಟ್ಟಾದರೆ ಭಾರತೀಯ ನ್ಯಾಯ ಸಂಹಿತೆ ಬರುತ್ತದೆ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಇರುವುದು ಇದೇ. ಬೇಜವಾಬ್ದಾರಿಯಿಂದ ತೀವ್ರ ಗಾಯ ಮಾಡಿದರೆ ಮೂರು ವರ್ಷದವರೆಗೆ ಜೈಲು. ನಿರ್ಲಕ್ಷ್ಯದಿಂದ ಸಾವಾದರೆ ಸೆಕ್ಷನ್ 106ರಲ್ಲಿ ಐದು ವರ್ಷದವರೆಗೆ. ಹಳೆಯ ಕಾನೂನಿನಲ್ಲಿ ಇದು ಎರಡು ವರ್ಷ ಇತ್ತು.

ಕುಡಿದಿದ್ದರೆ ಅಷ್ಟಕ್ಕೇ ನಿಲ್ಲುವುದಿಲ್ಲ. 2006ರ ನವೆಂಬರ್‌ನಲ್ಲಿ ಮುಂಬೈ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಕುಡಿದು ಕಾರು ಓಡಿಸಿದ ಯುವಕನೊಬ್ಬ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರ್ಮಿಕರ ಮೇಲೆ ಹರಿಸಿದ. ಏಳು ಜನ ಸತ್ತರು. "ಇದು ಬರೀ ನಿರ್ಲಕ್ಷ್ಯ" ಅನ್ನುವ ವಾದ ನಿಲ್ಲಲಿಲ್ಲ. ಹೀಗೆ ಓಡಿಸಿದರೆ ಜನ ಸಾಯಬಹುದು ಅಂತ ಗೊತ್ತಿದ್ದೇ ಓಡಿಸಿದ್ದಾನೆ ಅನ್ನುವ ನೆಲೆಯಲ್ಲಿ, ಕೊಲೆಯಲ್ಲದ ನರಹತ್ಯೆಯ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಕೊಟ್ಟ ಮೂರು ವರ್ಷ ಕಡಿಮೆಯಾಯಿತು ಅಂತಲೂ ಕೋರ್ಟ್ ಹೇಳಿತು. ಆ ಅಪರಾಧಕ್ಕೆ ಈಗ ಸೆಕ್ಷನ್ 105ರಲ್ಲಿ ಹತ್ತು ವರ್ಷದವರೆಗೆ ಜೈಲು ಇದೆ.

ಹಾಗಾಗಿ ಅಪಘಾತವಾದ ಕೂಡಲೇ ಮಾಡಬೇಕಾದ್ದು ಒಂದೇ. ಓಡಬೇಡಿ. 108ಕ್ಕೆ, 112ಕ್ಕೆ ಫೋನ್ ಮಾಡಿ, ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿ. ಅದು ಚಾಲಕರ ಕಾನೂನಿನ ಕರ್ತವ್ಯವೂ ಹೌದು. ಮಾಡದಿದ್ದರೆ ಅದಕ್ಕೇ ಬೇರೆ ಶಿಕ್ಷೆ. ನೀವು ಕುಡಿದಿದ್ದರೂ ಸರಿ, ರಸ್ತೆಯಲ್ಲಿ ಬಿದ್ದವರ ಜೀವ ನಿಮ್ಮ ಕೇಸಿಗಿಂತ ಮೊದಲು. ಡ್ರೈವರ್ ಓಡಿಸುತ್ತಿದ್ದ ಅಂತ ಬೇರೆಯವರನ್ನು ಮುಂದೆ ತಳ್ಳುವುದು, ರಕ್ತದ ಮಾದರಿ ಬದಲಿಸುವುದು ಇವೆಲ್ಲ ಇಡೀ ಮನೆಯವರನ್ನು ಜೈಲಿಗೆ ಎಳೆಯುತ್ತವೆ. 2024ರ ಮೇ ತಿಂಗಳಿನಲ್ಲಿ ಪುಣೆಯಲ್ಲಿ ಹುಡುಗನೊಬ್ಬ ಓಡಿಸಿದ ಪೋರ್ಷೆ ಕಾರಿನ ಅಪಘಾತದ ಪ್ರಕರಣದಲ್ಲಿ ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರೂ ಹುಡುಗನ ಅಪ್ಪ ಅಮ್ಮನೂ ಬಂಧನಕ್ಕೊಳಗಾದರು.

ಇನ್ಶೂರೆನ್ಸ್ ಕೈಬಿಟ್ಟರೆ

ನಿಮ್ಮ ಕಾರಿನ ರಿಪೇರಿ ಖರ್ಚು ಸಿಗುವುದಿಲ್ಲ. ಅಮಲಿನಲ್ಲಿ ಓಡಿಸಿದರೆ ಹೊಣೆ ಇಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಇಲ್ಲಿ 30 ಮಿಲಿಗ್ರಾಂ ಗೆರೆಯೂ ನಿಮ್ಮನ್ನು ಕಾಪಾಡದೇ ಇರಬಹುದು. ದೆಹಲಿಯ ಇಂಡಿಯಾ ಗೇಟ್ ಬಳಿ 2007ರಲ್ಲಿ ಹಾಳಾದ ಪೋರ್ಷೆ ಕಾರಿನ ಕೇಸಿನಲ್ಲಿ ಊದಿಸಿದ ಅಂಕಿಯೇ ಇರಲಿಲ್ಲ. ಆದರೂ ಕುಡಿತದ ಅಮಲಿನಿಂದ ಅಪಘಾತ ಆಯಿತು ಅನ್ನುವುದನ್ನು ಬೇರೆ ಸಂಗತಿಗಳಿಂದ ತೀರ್ಮಾನಿಸಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಇನ್ಶೂರೆನ್ಸ್ ಕಂಪನಿಯ ಪರ ತೀರ್ಪು ಕೊಟ್ಟಿತು. ಇನ್ನು ಎದುರಿನವರಿಗೆ ಪರಿಹಾರವನ್ನು ಕಂಪನಿ ಮೊದಲು ಕೊಟ್ಟು, ಆಮೇಲೆ ಗಾಡಿ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಅಂತ ಕೋರ್ಟುಗಳು ಆದೇಶಿಸುವುದುಂಟು. ಸತ್ತವರು ದುಡಿಯುವವರಾಗಿದ್ದರೆ ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ಹೊಲ ಮನೆ ಮಾರಿದರೂ ತೀರದ ಸಾಲ ಅದು.

ಕುಡಿದವರಷ್ಟೇ ಅಲ್ಲ

ಕುಡಿದಿದ್ದಾನೆ ಅಂತ ಗೊತ್ತಿದ್ದೂ "ಹೋಗೋ, ಏನಾಗಲ್ಲ" ಅಂತ ಕೀ ಕೈಗಿಟ್ಟ ಸ್ನೇಹಿತರೂ ಸಿಕ್ಕಿಬೀಳಬಹುದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 188ರ ಪ್ರಕಾರ 185ಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಓಡಿಸಿದವರು 18 ತುಂಬದ ಮಕ್ಕಳಾದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಕ್ಕಳಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ.

ಮನೆಯಿಂದ ಹೊರಡುವ ಮುಂಚೆ

ತೀರ್ಮಾನ ಕುಡಿಯುವ ಮುಂಚೆಯೇ ಆಗಬೇಕು. ಎರಡು ಪೆಗ್ ಒಳಗೆ ಹೋದ ಮೇಲೆ ಎಲ್ಲರೂ ಒಳ್ಳೆಯ ಡ್ರೈವರ್‌ಗಳೇ. ಪಾರ್ಟಿಗೆ ಕ್ಯಾಬಲ್ಲಿ ಹೋಗಿ. ಕಾರು ಒಯ್ಯಲೇಬೇಕಾದರೆ ವಾಪಸ್ ಬರಲು ಬಾಡಿಗೆ ಡ್ರೈವರನ್ನು ಮೊದಲೇ ಬುಕ್ ಮಾಡಿ. ಹಳ್ಳಿ ಕಡೆ ಇವೆರಡೂ ಸಿಗದಿದ್ದರೆ ಗುಂಪಿನಲ್ಲಿ ಕುಡಿಯದ ಒಬ್ಬರ ಕೈಗೆ ಎಲ್ಲರ ಕೀ ಮೊದಲೇ ಕೊಟ್ಟುಬಿಡಿ, ಅದೂ ಇಲ್ಲದಿದ್ದರೆ ಅಲ್ಲೇ ಮಲಗಿ. ಬೀಗರೂಟ, ಹುಟ್ಟುಹಬ್ಬ ಮಾಡುವ ಮನೆಯವರು ನಾಲ್ಕು ಚಾಪೆ ಜಾಸ್ತಿ ಹಾಸಿದರೆ ಸಾಕು. ಬೆಳಿಗ್ಗೆ ಎದ್ದವರನ್ನೂ ತಕ್ಷಣ ಕಳಿಸಬೇಡಿ. ರಾತ್ರಿ ಎಷ್ಟು ಹೊತ್ತಿಗೆ, ಎಷ್ಟು ಕುಡಿದರು ಅಂತ ಕೇಳಿ, ಗಂಟೆ ಲೆಕ್ಕ ಹಾಕಿ, ಅದರ ಮೇಲೆ ಇನ್ನೆರಡು ಗಂಟೆ ಸೇರಿಸಿ, ತಿಂಡಿ ಕೊಟ್ಟು ಕೂರಿಸಿಕೊಳ್ಳಿ.